ಹಣೆ ಮಂಡಿಗೆ ತಾಗಲೇಬೇಕೆಂಬ ಹಟ

ಯೋಗಕ್ಕೆ ಸೈಡ್ ಎಫೆಕ್ಟ್ ಇಲ್ಲ ಎಂಬ ಮಾತು ನಮ್ಮಲ್ಲಿ ವೇದವಾಕ್ಯವಾಗಿಬಿಟ್ಟಿದೆ. ಬೆಳಗಿನ ಹೊತ್ತು ಟೀವಿಯಲ್ಲಿ ಆಸನ ಹೇಳಿಕೊಡುವವರು ಹೇಳುತ್ತಾರೆ, ಪಾರ್ಕಿನಲ್ಲಿ ಕಲಿಸುವವರು ಹೇಳುತ್ತಾರೆ, ಸೊಂಟ ಹಿಡಿದು ಮಲಗಿದವರನ್ನು ನೋಡಲು ಬಂದ ನೆಂಟರೂ ಹೇಳಿ ಹೋಗುತ್ತಾರೆ. ಅದರ ಬೆನ್ನಿಗೇ ಇನ್ನೆರಡು ಮಾತು ಬರುತ್ತವೆ. ಮೊದಮೊದಲು ನೋವು ಇದ್ದದ್ದೇ, ಬಿಡದೆ ಮಾಡಿದರೆ ತಾನಾಗಿ ಹೋಗುತ್ತದೆ. ಹೋಗದಿದ್ದರೆ ನೀವು ಸರಿಯಾಗಿ ಮಾಡುತ್ತಿಲ್ಲ. ಈ ಮೂರೂ ಸೇರಿದರೆ ಎದುರಾಡಲು ಎಡೆಯೇ ಉಳಿಯುವುದಿಲ್ಲ: ವಾಸಿಯಾದರೆ ಯೋಗದ ಹಿರಿಮೆ, ಪೆಟ್ಟಾದರೆ ಮಾಡಿದವರ ತಪ್ಪು. ಈ ನಂಬಿಕೆ ಸುಳ್ಳು, ಇದರಿಂದ ಜನರ ಮೈಗೆ ಹಾನಿಯಾಗುತ್ತಿದೆ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಯೋಗದ ಮೇಲಿನ ಸಿಟ್ಟಿನಿಂದಲ್ಲ. ನಿತ್ಯವೂ ಆಸನ ಮಾಡುವವರಲ್ಲಿ ನಾನೂ ಒಬ್ಬ, ಅದನ್ನು ಬಿಡುವ ಯೋಚನೆ ಇಲ್ಲ.

ಶೀರ್ಷಾಸನದ ವಿಚಾರ ಇಲ್ಲಿ ಎತ್ತುವುದಿಲ್ಲ. ತಲೆಕೆಳಗಾಗಿ ನಿಲ್ಲಲು ಜನ ತಾವಾಗಿಯೇ ಹೆದರುತ್ತಾರೆ, ಆ ಹೆದರಿಕೆ ಅವರನ್ನು ಕಾಯುತ್ತದೆ. ನನ್ನ ತಕರಾರು ಯಾರೂ ಹೆದರದ ಆಸನದ ಬಗ್ಗೆ. ಮುಂದಕ್ಕೆ ಬಾಗುವ ಆಸನ. ಕಾಲು ಚಾಚಿ ಕೂತು ಬಾಗಿದರೆ ಪಶ್ಚಿಮೋತ್ತಾನಾಸನ, ನಿಂತು ಬಾಗಿದರೆ ಪಾದಹಸ್ತಾಸನ. ಸೇರಿದ ಮೊದಲ ವಾರವೇ ಇದನ್ನು ಕಲಿಸುತ್ತಾರೆ. ಕೈ ಬೆರಳು ಕಾಲಿಗೆ ಮುಟ್ಟಿತೇ ಎನ್ನುವುದೇ ಮೈ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೆ ಪರೀಕ್ಷೆ ಎಂದು ಎಷ್ಟೋ ಮಂದಿ ನಂಬಿದ್ದಾರೆ.

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳಬೇಕು. ಅರವತ್ತು ದಾಟಿದ ಒಬ್ಬ ಹೆಂಗಸು, ಸೀರೆ ಬಿಟ್ಟು ಮಗಳ ಚೂಡಿದಾರ್ ತೊಟ್ಟು ಬಂದಿದ್ದರು. ಕಾಲು ಚಾಚಿ ಕೂತಾಗ ಅವರ ಸೊಂಟ ಹಿಂದಕ್ಕೆ ಕುಸಿದಿತ್ತು, ಬೆನ್ನು ಗೂನಾಗಿತ್ತು, ಕೈ ಮೊಣಕಾಲಿನ ಚಿಪ್ಪಿನಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ತಡೆಯಲಾಗದೆ ಮಂಡಿ ಸ್ವಲ್ಪ ಮೇಲೆತ್ತಿದರು. ಕಲಿಸುವವರು ಬಂದು ಆ ಮಂಡಿಯನ್ನು ಒತ್ತಿ ನೆಲಕ್ಕೆ ಕೂರಿಸಿದರು. "ಅಮ್ಮಾ, ಮಂಡಿ ಮಡಿಸಬಾರದು. ಉಸಿರು ಬಿಡ್ತಾ ಬಗ್ಗಿ, ಹಣೆ ಮಂಡಿಗೆ ತಾಗಲಿ." ಆಕೆ ಮೆಲ್ಲಗೆ, "ಸೊಂಟ ಹಿಡ್ಕೊಳ್ಳುತ್ತೆ ಸಾರ್" ಎಂದರು. "ಅದಕ್ಕೇ ಬಗ್ಗಬೇಕು" ಎಂದು ಅವರು ಎರಡೂ ಅಂಗೈ ಆಕೆಯ ಬೆನ್ನಿಗಿಟ್ಟು ಮೇಲಿನಿಂದ ಒತ್ತಿದರು. ಆಕೆಗೆ ಎಷ್ಟು ವಯಸ್ಸು, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆಯೇ, ಹಿಂದೆ ಬೆನ್ನಿನ ಸ್ಕ್ಯಾನ್ ಆಗಿತ್ತೇ, ಕಣ್ಣಿನ ತೊಂದರೆ ಏನಾದರೂ ಉಂಟೇ, ಇದರಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ. ಆ ಶಿಕ್ಷಕರು ಕೆಟ್ಟವರಲ್ಲ. ಬಿಡಿಗಾಸೂ ಪಡೆಯದೆ ಕಲಿಸುತ್ತಿದ್ದರು. ತಾವು ಕಲಿತದ್ದನ್ನೇ ಅವರು ಕಲಿಸುತ್ತಿದ್ದರು, ಕಷ್ಟ ಇರುವುದು ಅಲ್ಲಿಯೇ.

ಆ ಒತ್ತುವ ಕೈ ಒಳಗೆ ಏನು ಮಾಡುತ್ತದೆ ನೋಡಿ. ಬೆನ್ನೆಲುಬಿನ ಎರಡು ಮಣಿಗಳ ನಡುವೆ ಒಂದು ಡಿಸ್ಕ್ ಇರುತ್ತದೆ. ಹೊರಗೆ ನಾರಿನಂಥ ಗಟ್ಟಿ ಸುತ್ತು, ಒಳಗೆ ಮೆತ್ತನೆಯ ತಿರುಳು. ಬೆನ್ನು ಗೂನಾಗಿ ಮುಂದಕ್ಕೆ ಬಾಗಿದಾಗ ಡಿಸ್ಕಿನ ಮುಂಭಾಗ ಅದುಮಿಹೋಗುತ್ತದೆ. ಒಬ್ಬಟ್ಟಿನ ಒಂದು ಅಂಚು ಒತ್ತಿದರೆ ಹೂರಣ ಇನ್ನೊಂದು ಅಂಚಿಗೆ ಸರಿಯುವಂತೆ ತಿರುಳು ಹಿಂದಕ್ಕೆ ಸರಿಯುತ್ತದೆ. ಕಾಲಿಗೆ ಇಳಿಯುವ ನರಗಳು ಹೊರಡುವುದು ಆ ಹಿಂಬದಿಯಲ್ಲೇ. ಗಟ್ಟಿಮುಟ್ಟಾದ ಡಿಸ್ಕ್ ಇದನ್ನೆಲ್ಲ ಸಲೀಸಾಗಿ ತಾಳಿಕೊಳ್ಳುತ್ತದೆ, ಬಾಗುವುದಕ್ಕೆಂದೇ ಬೆನ್ನು ಇರುವುದು. ಆದರೆ ಆ ಸುತ್ತು ಆಗಲೇ ಬಿರಿದಿದ್ದರೆ, ಸಯಾಟಿಕಾ ಎಂದು ಕಾಲಿನುದ್ದಕ್ಕೂ ಸೆಳೆತ ಇದ್ದರೆ, ಮಂಡಿ ನೇರ ಮಾಡಿಸಿ ಮೇಲಿಂದ ಒತ್ತುವುದು ಗಾಯವನ್ನು ಕೆದಕಿದ ಹಾಗೆಯೇ.

ಮಂಡಿ ನೇರ ಮಾಡುವುದರಲ್ಲಿ ಇಷ್ಟೇನು ಎಂದು ಕೇಳಬಹುದು. ತೊಡೆಯ ಹಿಂಬದಿಯ ಸ್ನಾಯುಗಳು ನಾವು ಕೂರುವ ಎಲುಬಿಗೆ ಅಂಟಿಕೊಂಡಿವೆ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವರಲ್ಲಿ ಅವು ಬಿಗಿದಿರುತ್ತವೆ. ಮಂಡಿ ನೇರವಾದರೆ ಆ ಸ್ನಾಯುಗಳು ಸೊಂಟದ ಎಲುಬನ್ನು ಹಿಡಿದಿಟ್ಟುಕೊಳ್ಳುತ್ತವೆ, ಅದು ಮುಂದಕ್ಕೆ ತಿರುಗಲಾರದು. ಆಗ ಬಾಗಿದ್ದೆಲ್ಲ ಕೆಳಬೆನ್ನಿನ ಪಾಲಿಗೆ ಬರುತ್ತದೆ. ಮಂಡಿ ಸ್ವಲ್ಪ ಮಡಿಸಿದರೆ ಸೊಂಟದ ಕೀಲು ಬಿಡುವಾಗುತ್ತದೆ. ಅಂದರೆ ಆ ತಾಯಿಯ ಮೈ ತಾನಾಗಿ ಮಂಡಿ ಎತ್ತಿದ್ದು ಸರಿಯಾದ ಕೆಲಸ. ತಪ್ಪು ಮಾಡಿದ್ದು ಅದನ್ನು ಒತ್ತಿ ಕೂರಿಸಿದ ಕೈ.

ಇನ್ನು ಹೊತ್ತಿನ ವಿಚಾರ. ಇದನ್ನು ಹೇಳಿದರೆ ಬಹಳ ಮಂದಿಗೆ ಕಸಿವಿಸಿ ಆಗುತ್ತದೆ, ಆದರೂ ಹೇಳಲೇಬೇಕು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ತುಸು ಎತ್ತರ ಇರುವುದಕ್ಕೆ ಇದೇ ಕಾರಣ. ಉಬ್ಬಿದ ಡಿಸ್ಕು ಬಾಗಲು ಒಲ್ಲದು, ಬಾಗಿಸಿದರೆ ಅದರ ಮೇಲೆ ಬೀಳುವ ಎಳೆತ ಹಗಲಿನದ್ದಕ್ಕಿಂತ ಹಲವು ಪಟ್ಟು ಹೆಚ್ಚು ಎಂದು ಬ್ರಿಟನ್ನಿನ ಸಂಶೋಧಕರು 1987ರಲ್ಲಿಯೇ ಅಳೆದು ತೋರಿಸಿದ್ದಾರೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಳೆಯ ಸೊಂಟನೋವಿದ್ದವರಿಗೆ ಹೇಳಿಕೊಟ್ಟ ಪಥ್ಯ ಒಂದೇ: ಎದ್ದ ಮೇಲೆ ಮೊದಲ ಒಂದೆರಡು ಗಂಟೆ ಮುಂದಕ್ಕೆ ಬಾಗಬೇಡಿ. ಅಷ್ಟರಿಂದಲೇ ಅವರ ನೋವು ಇಳಿಯಿತು. ನಮ್ಮಲ್ಲಿ ನಡೆಯುವುದು ಏನು? ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಐದೂವರೆಗೆ ಮ್ಯಾಟ್ ಹಾಸಿ, ಆರು ಗಂಟೆಯೊಳಗೆ ಸೂರ್ಯನಮಸ್ಕಾರ. ಒಂದು ಸೂರ್ಯನಮಸ್ಕಾರದಲ್ಲಿ ಪಾದಹಸ್ತಾಸನ ಎರಡು ಸಲ ಬರುತ್ತದೆ. ರಥಸಪ್ತಮಿಗೆ 108 ಹಾಕಿಸಿದರೆ 216 ಸಲ ಬಾಗಿದಂತಾಯಿತು, ಅದೂ ಬೆನ್ನು ಬಾಗಲು ಒಪ್ಪದ ಹೊತ್ತಿನಲ್ಲಿ. ಇಪ್ಪತ್ತರ ಹುಡುಗರಿಗೆ ಇದರಿಂದ ಏನೂ ಆಗದೇ ಇರಬಹುದು. ಪಕ್ಕದ ಸಾಲಿನಲ್ಲಿ ನಿಂತ ಸ್ಲಿಪ್ ಡಿಸ್ಕಿನ ಮನುಷ್ಯ, ಎಲ್ಲರೂ ಮಾಡುತ್ತಿದ್ದಾರಲ್ಲ ಎಂಬ ಸಂಕೋಚಕ್ಕೆ ನಡುವೆ ನಿಲ್ಲಿಸುವುದಿಲ್ಲ.

ಡಿಸ್ಕಿಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಮೂಳೆಯ ವಿಚಾರ. ನಮ್ಮ ಬೆಳಗಿನ ತರಗತಿಗಳಲ್ಲಿ ಮುಕ್ಕಾಲು ಪಾಲು ಮುಟ್ಟು ನಿಂತ ಹೆಂಗಸರು. ಆ ವಯಸ್ಸಿನಲ್ಲಿ ಎಲುಬಿನ ಸಾಂದ್ರತೆ ಸದ್ದಿಲ್ಲದೆ ಇಳಿಯುತ್ತದೆ, ಮುರಿಯುವ ತನಕ ನೋವೂ ಇರುವುದಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಬೆನ್ನೆಲುಬು ಟೊಳ್ಳಾಗಿದ್ದ 59 ಹೆಂಗಸರಿಗೆ ಬೇರೆಬೇರೆ ವ್ಯಾಯಾಮ ಕೊಟ್ಟು ನೋಡಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಶೇ. 16 ಮಂದಿಗೆ ಮಣಿಗಳು ಹೊಸದಾಗಿ ಕುಸಿದಿದ್ದವು. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ. 89. ಯಾವ ವ್ಯಾಯಾಮವನ್ನೂ ಮಾಡದೆ ಇದ್ದವರಲ್ಲಿ ಶೇ. 67. ಅಧ್ಯಯನ ಸಣ್ಣದು, ಒಪ್ಪೋಣ. ಆದರೆ ಸುಮ್ಮನೆ ಕೂತವರಿಗಿಂತ ಬಾಗಿದವರ ಗತಿ ಕೆಟ್ಟದಾಗಿತ್ತು ಎಂಬುದನ್ನು ಓದಿದ ಮೇಲೂ ಅರವತ್ತರ ತಾಯಿಯ ಬೆನ್ನು ಒತ್ತಲು ಕೈ ಹೇಗೆ ಬರುತ್ತದೆ? ಯೋಗದಲ್ಲಿ ಬೆನ್ನು ಬಾಗಿಸಿಯೇ ಮಣಿ ಕುಸಿದ ರೋಗಿಗಳ ಬಗ್ಗೆ ಅದೇ ಆಸ್ಪತ್ರೆಯವರು 2013ರಲ್ಲಿ ಮತ್ತೆ ಬರೆದರು. ಕನ್ನಡದಲ್ಲಿ ಯೋಗ ಕಲಿಸುವ ಎಷ್ಟು ಮಂದಿಗೆ ಈ ಸಂಗತಿ ಗೊತ್ತು?

ಕಣ್ಣಿಗೆ ಬರೋಣ. ಗ್ಲಾಕೋಮಾ ಇದ್ದವರಿಗೆ ಕಣ್ಣಿನೊಳಗಿನ ಒತ್ತಡವೇ ಶತ್ರು, ಅದನ್ನು ಇಳಿಸಲೆಂದೇ ಅವರು ದಿನವೂ ಹನಿ ಹಾಕಿಕೊಳ್ಳುತ್ತಾರೆ. ತಲೆ ಎದೆಗಿಂತ ಕೆಳಗೆ ಹೋದಾಗ ಆ ಒತ್ತಡ ಏರುತ್ತದೆ. ನ್ಯೂಯಾರ್ಕಿನ ವೈದ್ಯರು 2015ರಲ್ಲಿ ನಾಲ್ಕು ಆಸನಗಳಲ್ಲಿ ಅದನ್ನು ಅಳೆದರು. ನಿಂತು ಬಾಗುವ ಉತ್ತಾನಾಸನದಲ್ಲೂ ಏರಿತು, ಸೂರ್ಯನಮಸ್ಕಾರದ ಪರ್ವತಾಸನದಂಥ ಭಂಗಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಏರಿತು. ಬಿ.ಪಿ. ಮಾತ್ರೆ ನುಂಗುವವರ ಕಷ್ಟ ಬೇರೆ: ಬಾಗಿದ್ದಾಗ ಏನೂ ಇಲ್ಲ, ಸರಕ್ಕನೆ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಎಷ್ಟೋ ಕಡೆ ಇದನ್ನು ಶುದ್ಧೀಕರಣದ ಲಕ್ಷಣ ಎಂದು ಹೇಳಿ ಸಮಾಧಾನ ಮಾಡುತ್ತಾರೆ. ಅದು ಶುದ್ಧೀಕರಣ ಅಲ್ಲ, ರಕ್ತದೊತ್ತಡ ಕುಸಿದದ್ದು.

ಇಷ್ಟು ಹೇಳಿದಾಗ ಶಾಸ್ತ್ರದ ಮಾತು ಬರುತ್ತದೆ. ಹಠಯೋಗ ಪ್ರದೀಪಿಕೆಯಲ್ಲಿ ಪಶ್ಚಿಮೋತ್ತಾನವನ್ನು ಹೊಗಳಿದೆ, ಹಣೆಯನ್ನು ಮಂಡಿಯ ಮೇಲಿಡಬೇಕು ಎಂದೂ ಇದೆ. ಯುವಕ, ಮುದುಕ, ರೋಗಿ, ದುರ್ಬಲ ಎಲ್ಲರಿಗೂ ಅಭ್ಯಾಸದಿಂದ ಸಿದ್ಧಿ ಉಂಟು ಎಂದೂ ಇದೆ. ಹೌದು, ಇದೆ. ಆದರೆ ಎಲ್ಲರೂ ಒಂದೇ ಆಸನವನ್ನು ಒಂದೇ ರೀತಿಯಲ್ಲಿ ಮಾಡಬೇಕು ಎಂದು ಅಲ್ಲಿ ಎಲ್ಲಿ ಹೇಳಿದೆ? ಅದೇ ಗ್ರಂಥದ ಎರಡನೇ ಅಧ್ಯಾಯ ತೆರೆದು ನೋಡಿ. ಪ್ರಾಣಾಯಾಮವನ್ನು ತಪ್ಪಾಗಿ ಮಾಡಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ, ಕಿವಿ, ಕಣ್ಣುಗಳ ನೋವು ಬರುತ್ತವೆ ಎಂದು ಅದನ್ನು ಬರೆದ ಸ್ವಾತ್ಮಾರಾಮ ಹೆಸರು ಹಿಡಿದು ಎಣಿಸಿದ್ದಾನೆ. ಅವಸರ ಮಾಡಿದರೆ ಸಾಧಕನ ಪ್ರಾಣಕ್ಕೇ ಅಪಾಯ ಎಂದೂ ಎಚ್ಚರಿಸಿದ್ದಾನೆ. ಸೈಡ್ ಎಫೆಕ್ಟ್ ಇಲ್ಲ ಎನ್ನುವುದು ಶಾಸ್ತ್ರದ ಮಾತಲ್ಲ, ಇತ್ತೀಚಿನ ಜಾಹೀರಾತಿನ ಮಾತು.

ಪರಂಪರೆಯ ಮಾತು ಬಂದರೆ ನಮ್ಮ ಮೈಸೂರಿಗೇ ಹೋಗೋಣ. ಇವತ್ತು ಲೋಕವೆಲ್ಲ ಮಾಡುವ ಯೋಗದ ದೊಡ್ಡ ಪಾಲು ಹೊರಟದ್ದು ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ನಡೆಯುತ್ತಿದ್ದ ಯೋಗಶಾಲೆಯಿಂದ. ಕಲಿಸುತ್ತಿದ್ದವರು ಟಿ. ಕೃಷ್ಣಮಾಚಾರ್ಯರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಅಚ್ಚಾಯಿತು, 1941ರಲ್ಲಿ 'ಯೋಗಾಸನಗಳು' ಬಂತು. ಅಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ಅರಸು ಮನೆತನಗಳ ಹುಡುಗರು. ಎಳೆಯ ಮೈ, ಚುರುಕಿನ ಕೀಲು, ಮಹಾರಾಜರ ಎದುರು ಪ್ರದರ್ಶನ. ಹುಡುಗರ ಆ ಗರಡಿಯ ವೇಗವನ್ನೇ ತಂದು ಮಂಡಿನೋವಿನ ನಿವೃತ್ತ ಗುಮಾಸ್ತರಿಗೂ ಬಾಣಂತನ ಮುಗಿಸಿದ ಸೊಸೆಯಂದಿರಿಗೂ ಹಂಚುವುದು ಪರಂಪರೆಯ ಪಾಲನೆ ಅಲ್ಲ. ಕೃಷ್ಣಮಾಚಾರ್ಯರೇ ಹಾಗೆ ಮಾಡಲಿಲ್ಲ. ಮುಂದೆ ಮದರಾಸಿಗೆ ಹೋದ ಮೇಲೆ ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅವರವರ ಮೈಗೆ ತಕ್ಕ ಪಾಠ ಹೇಳಿದರು. ಮಗ ದೇಶಿಕಾಚಾರ್ ಬೆಳೆಸಿದ್ದು ಆ ದಾರಿಯನ್ನೇ.

ಆ ಶಾಲೆಯಿಂದಲೇ ಬಂದ ಬಿ.ಕೆ.ಎಸ್. ಅಯ್ಯಂಗಾರರ ಕತೆಯನ್ನು ಯೋಗ ಕಲಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಅನುಭವಿಸಿ ಬಡಕಲಾಗಿದ್ದರು. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಬಳಿ ಬಂದು ಕಲಿತರು. ಒಂದು ಪ್ರದರ್ಶನದಲ್ಲಿ ಗುರುಗಳು ಕಾಲುಗಳನ್ನು ಹಿಂದೆ ಮುಂದೆ ಪೂರ್ತಿ ಚಾಚಿ ಕೂರುವ ಹನುಮಾನಾಸನ ಮಾಡು ಎಂದಾಗ ಎದುರಾಡಲಾಗದೆ ಮಾಡಿ ತೊಡೆಯ ಸ್ನಾಯು ಹರಿದುಕೊಂಡದ್ದನ್ನು, ಅದರಿಂದ ಬಹಳ ಕಾಲ ನಡೆಯಲು ಕಷ್ಟಪಟ್ಟದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಯೋಗದಿಂದ ಪೆಟ್ಟಾಗುವುದಿಲ್ಲ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಅಯ್ಯಂಗಾರರು ಸರಿಯಾಗಿ ಮಾಡಲಿಲ್ಲ ಎನ್ನುತ್ತಾರೆಯೇ? ಆ ನೋವು ಉಂಡವರು ಮುಂದೆ ಪುಣೆಯಲ್ಲಿ ನೆಲೆಸಿ ಕಟ್ಟಿದ ಪದ್ಧತಿಯಲ್ಲಿ ಬೆಲ್ಟು, ಮರದ ಇಟ್ಟಿಗೆ, ಮಡಿಸಿದ ಕಂಬಳಿ, ಗೋಡೆಯ ಹಗ್ಗ, ಕುರ್ಚಿ ಎಲ್ಲವೂ ಸೇರಿದವು. ಬಾಗಲಾರದವನಿಗೂ ಆಸನ ಸಿಗಲಿ ಎಂದು ಅವರು ಮಾಡಿದ ಏರ್ಪಾಡು ಅದು. ಅವನ್ನು ಬಳಸುವುದು ನಾಚಿಕೆ, ನಿಜವಾದ ಯೋಗಿಗೆ ಬೆಲ್ಟು ಏಕೆ ಎಂದು ಮೂಗು ಮುರಿಯುವವರನ್ನು ನಾನು ಕೇಳಿದ್ದೇನೆ. ಅಯ್ಯಂಗಾರರಿಗಿಂತ ದೊಡ್ಡ ಯೋಗಿಗಳು ನಮ್ಮ ಪಾರ್ಕುಗಳಲ್ಲಿ ಇದ್ದಾರೆಂದು ನನಗೆ ಅನಿಸುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಹೀಗೆಲ್ಲ ಹೆದರಿಸಿದರೆ ಜನ ಯೋಗವನ್ನೇ ಬಿಟ್ಟು ಸೋಫಾ ಹಿಡಿಯುತ್ತಾರೆ, ಅದು ಇನ್ನೂ ಹೆಚ್ಚು ಹಾನಿ ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಸೊಂಟನೋವು ಎಂದ ತಕ್ಷಣ "ಯೋಗಗೀಗ ಎಲ್ಲ ಬಿಟ್ಟುಬಿಡಿ" ಎನ್ನುವ ಡಾಕ್ಟರೂ ತಪ್ಪೇ ಮಾಡುತ್ತಾರೆ. ದೀರ್ಘಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬೇಕಾದ ಚಿಕಿತ್ಸೆಗಳ ಪಟ್ಟಿಯಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಎಂಬ ವೈದ್ಯರ ಸಂಘ 2017ರಲ್ಲಿ ಯೋಗವನ್ನೂ ಸೇರಿಸಿದೆ. ಬೆಂಗಳೂರು ಹೊರವಲಯದ ಜಿಗಣಿಯ ಯೋಗ ಕೇಂದ್ರ ಪ್ರಶಾಂತಿ ಕುಟೀರದಲ್ಲಿ ಬೆನ್ನುನೋವಿಗೆಂದೇ ಬೇರೆ ಅಭ್ಯಾಸಕ್ರಮ ರೂಪಿಸಿ, ಫಲ ಕಂಡು, ಪ್ರಕಟಿಸಿದ್ದಾರೆ. ಆದರೆ ಗಮನಿಸಿ, ಅಲ್ಲಿ ಫಲ ಕೊಟ್ಟದ್ದು ರೋಗಿಯನ್ನು ನೋಡಿ, ಬೇಕಾದ್ದನ್ನು ಆರಿಸಿ, ಬೇಡದ್ದನ್ನು ಬಿಡಿಸಿ ಮಾಡಿಸಿದ ಯೋಗ. ಆ ಯಶಸ್ಸಿನ ಹೆಸರು ಹೇಳಿ ಮೈದಾನದಲ್ಲಿ ಐನೂರು ಜನರನ್ನು ಮೈಕಿನ ಎಣಿಕೆಗೆ ಬಗ್ಗಿಸುವುದು ಬೇರೆಯೇ ಕೆಲಸ. ಆಯುಷ್ ಸಚಿವಾಲಯ ಯೋಗ ದಿನಕ್ಕೆಂದು ಹೊರತಂದ ಕೈಪಿಡಿಯಲ್ಲಿಯೂ ಪಾದಹಸ್ತಾಸನದ ಕೆಳಗೆ ಎಚ್ಚರಿಕೆ ಅಚ್ಚಾಗಿದೆ: ಹೃದಯದ ತೊಂದರೆ, ಬೆನ್ನಿನ ಮತ್ತು ಡಿಸ್ಕಿನ ತೊಂದರೆ, ಹರ್ನಿಯಾ, ತಲೆಸುತ್ತು ಇದ್ದವರು, ಗರ್ಭಿಣಿಯರು ಮಾಡಬಾರದು. ಸರಕಾರವೇ ಬರೆದಿಟ್ಟ ಈ ಸಾಲುಗಳನ್ನು ಜೂನ್ 21ರ ಬೆಳಿಗ್ಗೆ ಮೈಕಿನಲ್ಲಿ ಓದಿದ್ದನ್ನು ನಾನು ಎಂದೂ ಕೇಳಿಲ್ಲ.

ಬೆನ್ನುನೋವು ಎಂಬುದು ಒಂದೇ ರೋಗವೂ ಅಲ್ಲ. ಡಿಸ್ಕ್ ಜಾರಿದವರಿಗೆ ಸಾಮಾನ್ಯವಾಗಿ ಮುಂದೆ ಬಾಗಿದರೆ ಯಾತನೆ, ಭುಜಂಗಾಸನದಂತೆ ಎದೆ ಎತ್ತಿದರೆ ಹಿತ. ನರ ಹಾಯುವ ದಾರಿಯೇ ವಯಸ್ಸಿನಿಂದ ಕಿರಿದಾದ ಮುದುಕರಿಗೆ ಇದಕ್ಕೆ ತದ್ವಿರುದ್ಧ: ನೆಟ್ಟಗೆ ನಿಂತರೆ ಕಾಲು ಜೋಮು, ಬಾಗಿ ಕೂತರೆ ಆರಾಮ. ಇಬ್ಬರೂ ಒಂದೇ ಸಾಲಿನಲ್ಲಿ ಕೂತು "ಬೆನ್ನುನೋವು ಸಾರ್" ಎನ್ನುತ್ತಾರೆ, ಇಬ್ಬರಿಗೂ ಒಂದೇ ಆಸನ ಸಿಗುತ್ತದೆ. ಒಬ್ಬರಿಗೆ ಗುಣವಾಗಿ ಊರೆಲ್ಲ ಹೇಳುತ್ತಾರೆ. ಇನ್ನೊಬ್ಬರು ಹಾಸಿಗೆ ಹಿಡಿದು ತರಗತಿಗೆ ಬರುವುದನ್ನು ನಿಲ್ಲಿಸುತ್ತಾರೆ, ಅವರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಹಾಗಾದರೆ ಬಾಗುವುದನ್ನೇ ಬಿಡಬೇಕೇ? ಬೇಡ. ದಪ್ಪಗೆ ಮಡಿಸಿದ ಕಂಬಳಿಯ ಅಂಚಿನ ಮೇಲೆ ಕೂತರೆ ಸೊಂಟದ ಎಲುಬು ತಾನಾಗಿ ಮುಂದಕ್ಕೆ ವಾಲುತ್ತದೆ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಹಳೆಯ ಪಂಚೆಯನ್ನೋ ದುಪಟ್ಟಾವನ್ನೋ ಪಾದಕ್ಕೆ ಹಾಕಿ ಎರಡು ತುದಿ ಹಿಡಿಯಿರಿ. ಎದೆ ಮುಂದಕ್ಕೆ ಹೋಗಲಿ, ತಲೆ ಕೆಳಕ್ಕಲ್ಲ. ಹೊಕ್ಕುಳು ತೊಡೆಯ ಕಡೆಗೆ ಸರಿದಷ್ಟೇ ನಿಮ್ಮ ಪಶ್ಚಿಮೋತ್ತಾನ, ಹಣೆಯ ಗೊಡವೆ ಬೇಡ. ನಿಂತು ಮಾಡುವುದಾದರೆ ಕೈಗಳನ್ನು ಗೋಡೆಗೋ ಅಡುಗೆಮನೆಯ ಕಟ್ಟೆಗೋ ಊರಿ ಬೆನ್ನು ನೆಲಕ್ಕೆ ಸಮನಾಗುವಷ್ಟು ಮಾತ್ರ ಬಾಗಿ. ತಲೆ ಎದೆಗಿಂತ ಕೆಳಗಿಳಿಯದ ಕಾರಣ ಗ್ಲಾಕೋಮಾ ಇದ್ದವರಿಗೂ ಬಿ.ಪಿ. ಇದ್ದವರಿಗೂ ಇದೇ ಮೇಲು. ಮೂಳೆ ಟೊಳ್ಳಾದವರು ಬೆನ್ನು ಗೂನು ಮಾಡಿ ಬಾಗುವುದನ್ನು ಪೂರ್ತಿ ಕೈಬಿಟ್ಟು, ಅಂಗಾತ ಮಲಗಿ ಒಂದೊಂದೇ ಕಾಲನ್ನು ಬಟ್ಟೆ ಹಾಕಿ ಎತ್ತಿ ಹಿಡಿಯಲಿ. ತೊಡೆಯ ಹಿಂಬದಿಗೆ ಬೇಕಾದ ಎಳೆತ ಅಷ್ಟೂ ಸಿಗುತ್ತದೆ, ಬೆನ್ನೆಲುಬು ನೆಲದ ಮೇಲೆ ಸುರಕ್ಷಿತ. ಎದ್ದ ಕೂಡಲೇ ಬೇಡ, ಸ್ವಲ್ಪ ಹೊತ್ತು ಓಡಾಡಿ, ಸಾಧ್ಯವಾದರೆ ಸಂಜೆಗೆ ಇಟ್ಟುಕೊಳ್ಳಿ.

ಎಳೆತ ಯಾವುದು, ನೋವು ಯಾವುದು ಎಂದು ಗುರುತಿಸುವುದು ಕಷ್ಟವಲ್ಲ. ತೊಡೆಯ ಹಿಂಬದಿಯ ನಡುಭಾಗದಲ್ಲಿ ಬಿಗಿ ಎನಿಸಿದರೆ ಅದು ಎಳೆತ. ಕೂರುವ ಎಲುಬಿನ ಬುಡದಲ್ಲೇ ಚುಚ್ಚಿದರೆ ಸ್ನಾಯು ಅಂಟಿಕೊಂಡ ಜಾಗ ಹರಿಯುತ್ತಿದೆ ಎಂದು ತಿಳಿದು ಬಿಡಿ, ಅಲ್ಲಿ ಆದ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ. ಕರೆಂಟ್ ಹೊಡೆದಂತೆ ಕಾಲಿನ ಕೆಳಗಿನ ತನಕ ಸೆಳೆದರೆ, ಬೆರಳು ಜೋಮು ಹಿಡಿದರೆ ಅದು ನರ, ತಕ್ಷಣ ನಿಲ್ಲಿಸಿ. ಪಾದ ಎತ್ತಲಾಗದಿದ್ದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ನಾಳೆ ನೋಡೋಣ ಎನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕಲಿಸುವವರಲ್ಲಿ ನನ್ನ ವಿನಂತಿ ಇಷ್ಟು. ಹೊಸಬರು ಬಂದಾಗ ಫೀಸಿನ ರಸೀದಿ ಬರೆಯುವ ಮೊದಲು ಬೆನ್ನು, ಕುತ್ತಿಗೆ, ಮಂಡಿ, ಕಣ್ಣು, ಬಿ.ಪಿ., ಹೃದಯ, ಆಪರೇಷನ್, ಬಸಿರು ಇವುಗಳ ಬಗ್ಗೆ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳಿ, ಬರೆದಿಟ್ಟುಕೊಳ್ಳಿ. ಎಲ್ಲರೆದುರು ಕೇಳಿದರೆ ಯಾರೂ ಹೇಳುವುದಿಲ್ಲ. ಯಾರ ಬೆನ್ನನ್ನೂ ಒತ್ತಬೇಡಿ. ಕಲಿಯುವವರೇ, ನೀವೂ ಬಾಯಿಬಿಟ್ಟು ಹೇಳಿ. ಗುರುಗಳಿಗೆ ಬೇಡ ಎನ್ನುವುದು ಅಗೌರವ ಅಲ್ಲ. ಹೇಳಿದ ಮೇಲೂ ಒತ್ತುವ ಕೈ ಹಿಂದೆ ಸರಿಯದಿದ್ದರೆ ಮ್ಯಾಟ್ ಸುತ್ತಿಕೊಂಡು ಎದ್ದು ಬನ್ನಿ, ಕೇಳಿ ಕಲಿಸುವ ಇನ್ನೊಬ್ಬರನ್ನು ಹುಡುಕಿಕೊಳ್ಳಿ.